ರೀಫ್ ಟ್ಯಾಂಕಿನಲ್ಲಿ ಹವಳದ ಫ್ರ್ಯಾಗ್ ಅಂಟಿಸುವ ವಿಧಾನ

ರೀಫ್ ಟ್ಯಾಂಕಿನಲ್ಲಿ, ಅಂದರೆ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂನಲ್ಲಿ, ಬಂಡೆಗೆ ಅಂಟಿಸಿದ ಫ್ರ್ಯಾಗ್ (ಬೆಳೆಸಲು ಕತ್ತರಿಸಿದ ಹವಳದ ತುಂಡು) ಮರುದಿನ ಮರಳಿನ ಮೇಲೆ ಬಿದ್ದಿದ್ದರೆ ಮೊದಲು ಬಂಡೆಯನ್ನು ನೋಡಿ. ಹೆಚ್ಚಿನ ಸಲ ಅಂಟು ಹಿಡಿದಿರುವುದು ಪಾಚಿಯ ಪದರವನ್ನು. ಪಾಚಿ ಕಿತ್ತು ಬಂದಾಗ ಫ್ರ್ಯಾಗೂ ಅದರ ಜೊತೆಗೇ ಬರುತ್ತದೆ. ಇನ್ನೊಂದು ಕಾರಣ ಪ್ಲಗ್ (ಫ್ರ್ಯಾಗ್ ಕೂರಿಸಿದ, ಅಡಿಯಲ್ಲಿ ಕಾಲಿರುವ ಸಣ್ಣ ಬಿಲ್ಲೆ) ಬಂಡೆಗೆ ಸರಿಯಾಗಿ ಕೂರದೆ ಅಲುಗಾಡುವುದು. ಅಂಟು ತಾತ್ಕಾಲಿಕ ಆಧಾರವಷ್ಟೇ. ಅಕ್ರೊಪೊರಾ, ಮಾಂಟಿಪೊರಾಗಳಂಥ ಗಟ್ಟಿ ಹವಳಗಳು ಕೆಲವು ವಾರಗಳಲ್ಲಿ ಅದರ ಮೇಲೇ ಹರಡಿ, ಸುಣ್ಣದ ತಳ ಕಟ್ಟಿಕೊಂಡು ಬಂಡೆಯನ್ನು ತಾವೇ ಹಿಡಿಯುತ್ತವೆ. ಅಲ್ಲಿಯವರೆಗೆ ಫ್ರ್ಯಾಗ್ ಒಂದಿಷ್ಟೂ ಕದಲಬಾರದು. ಪ್ರತಿ ಸಲ ಕದಲಿದಾಗಲೂ ಹೊಸದಾಗಿ ಹರಡಿದ ಅಂಚು ಹರಿಯುತ್ತದೆ.

ಬೇಕಾಗುವ ಸಾಮಗ್ರಿ ಕಡಿಮೆ: ಜೆಲ್ ರೂಪದ ಸೈಯನೊಅಕ್ರಿಲೇಟ್ ಅಂಟು, ಅಕ್ವೇರಿಯಂಗೆಂದೇ ತಯಾರಿಸಿದ ಎರಡು ಭಾಗದ ಎಪಾಕ್ಸಿ ಪುಟ್ಟಿ, ಗಡಸು ಹಲ್ಲುಜ್ಜುವ ಬ್ರಷ್, ಬೋನ್ ಕಟ್ಟರ್ (ಹವಳ ಕತ್ತರಿಸುವ ಇಕ್ಕಳ), ಟ್ಯಾಂಕ್ ನೀರು ತುಂಬಿದ ಬಟ್ಟಲು, ನೈಟ್ರೈಲ್ ಗ್ಲೌಸ್, ಕಣ್ಣಿಗೆ ರಕ್ಷಣಾ ಕನ್ನಡಕ. ನೀರಿನಂತೆ ತೆಳ್ಳಗಿರುವ ಸೂಪರ್‌ಗ್ಲೂ ಬೇಡ, ಅದು ಹರಿದುಹೋಗಿ ಹವಳದ ಜೀವಂತ ಭಾಗವನ್ನು ಮುಚ್ಚುತ್ತದೆ. ಹತ್ತಿಯ ಗ್ಲೌಸ್ ಅಥವಾ ಬಟ್ಟೆಯೂ ಬೇಡ. ಸೈಯನೊಅಕ್ರಿಲೇಟ್ ಹತ್ತಿಗೆ ತಾಗಿದರೆ ಬೇಗ ಗಟ್ಟಿಯಾಗುತ್ತಾ ಚರ್ಮ ಸುಡುವಷ್ಟು ಬಿಸಿಯಾಗಬಹುದು.

ಜೊಆಂತಿಡ್ ಮತ್ತು ಪಾಲಿತೋವಾ ಎಂಬ ಹವಳದಂಥ ಜೀವಿಗಳನ್ನು ಹಿಡಿಯುವಾಗ ಗ್ಲೌಸ್, ಕನ್ನಡಕ ಕಡ್ಡಾಯ. ಇವುಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಎಂಬ ಉಗ್ರ ವಿಷವಿದೆ. ಕಣ್ಣಿಗೆ ಸಿಡಿದರೆ, ಗಾಯದೊಳಗೆ ಹೋದರೆ ಅಪಾಯ. ಇವು ಬೆಳೆದ ಕಲ್ಲಿಗೆ ಬಿಸಿನೀರು ಸುರಿಯುವುದು, ಕುದಿಸುವುದು ಇನ್ನೂ ಅಪಾಯ, ಏಕೆಂದರೆ ಹಬೆಯ ಜೊತೆ ವಿಷ ಉಸಿರಿಗೆ ಸೇರುತ್ತದೆ.

ಹೊಸ ಫ್ರ್ಯಾಗ್ ಅನ್ನು ಟ್ಯಾಂಕಿನ ತಾಪಮಾನ, ಉಪ್ಪಿನಂಶಕ್ಕೆ ಹೊಂದಿಸಿದ ಬಳಿಕ ಕೋರಲ್ ಡಿಪ್‌ (ಹುಳು ಉದುರಿಸುವ ದ್ರಾವಣ) ಒಳಗೆ ಲೇಬಲ್ ಹೇಳಿದಷ್ಟು ಹೊತ್ತು ಅದ್ದಿ. ಆಮೇಲೆ ಬೇರೆ ಬಟ್ಟಲಿನ ನೀರಿನಲ್ಲಿ ತೊಳೆಯಿರಿ. ಎರಡೂ ನೀರನ್ನು ಟ್ಯಾಂಕಿಗೆ ಸುರಿಯಬೇಡಿ. ಡಿಪ್ ಚಪ್ಪಟೆ ಹುಳುಗಳನ್ನು ಉದುರಿಸಬಹುದು, ಅವುಗಳ ಮೊಟ್ಟೆಗಳನ್ನು ಕೊಲ್ಲುವುದಿಲ್ಲ. ಮೊಟ್ಟೆಗಳು ಇರುವುದು ಸಾಮಾನ್ಯವಾಗಿ ಹವಳದ ಬುಡದಲ್ಲಿ, ಪ್ಲಗ್‌ನ ಅಡಿಯಲ್ಲಿ. ಹಾಗಾಗಿ ಬಂದ ಪ್ಲಗ್ ಅನ್ನು ಬೋನ್ ಕಟ್ಟರ್‌ನಿಂದ ಕತ್ತರಿಸಿ ಎಸೆದು, ಹೊಸ ಪ್ಲಗ್‌ಗೆ ಅಂಟಿಸುವುದೇ ಲೇಸು. ಐಪ್ಟೇಸಿಯಾ ಎಂಬ ಉಪದ್ರವಿ ಅನಿಮೋನ್ ಒಳಬರುವ ದಾರಿಯೂ ಇದರಿಂದ ಮುಚ್ಚುತ್ತದೆ.

ತಂದ ದಿನವೇ ಬಂಡೆಗೆ ಅಂಟಿಸುವ ಆತುರ ಬೇಡ. ಒಂದೆರಡು ವಾರ ತಳಭಾಗದ ರ‍್ಯಾಕಿನಲ್ಲಿಟ್ಟು, ಬೆಳಕಿಗೆ ಒಗ್ಗಿಸುತ್ತಾ ನಿಧಾನವಾಗಿ ಮೇಲಕ್ಕೆ ತನ್ನಿ. ಜಾಗ ಆರಿಸುವಾಗ ನೆರೆಹೊರೆಯನ್ನೂ ಲೆಕ್ಕ ಹಾಕಿ. ಟಾರ್ಚ್, ಹ್ಯಾಮರ್‌ಗಳಂಥ ಯೂಫಿಲಿಯಾ ಹವಳಗಳು ರಾತ್ರಿ ಚಾಚುವ ಕುಟುಕುವ ಎಳೆಗಳಿಗೆ ಕನಿಷ್ಠ 15 ಸೆಂಟಿಮೀಟರ್ ಬಿಡಬೇಕು, ಗ್ಯಾಲಾಕ್ಸಿಯಾಗೆ ಇನ್ನೂ ಹೆಚ್ಚು. ಟ್ರ್ಯಾಕಿಫಿಲಿಯಾ, ಫಂಜಿಯಾಗಳನ್ನು ಅಂಟಿಸಲೇಬೇಡಿ, ಅವುಗಳ ಜಾಗ ಮರಳು.

ಅಂಟಿಸುವ ಮುನ್ನ ಅಂಟಿಲ್ಲದೆ ಒಮ್ಮೆ ಇಟ್ಟು ನೋಡಿ. ಪ್ಲಗ್‌ನ ಕಾಲು ಬಂಡೆಯ ರಂಧ್ರದಲ್ಲಿ ಕೂರುವುದಾದರೆ ಅರ್ಧ ಕೆಲಸ ಮುಗಿದಂತೆ. ಬಳಿಕ ನೀರು ಹರಿಸುವ ವೇವ್‌ಮೇಕರ್, ರಿಟರ್ನ್ ಪಂಪ್ ಎರಡನ್ನೂ ನಿಲ್ಲಿಸಿ, ಮತ್ತೆ ಚಾಲೂ ಮಾಡುವುದು ಮರೆಯದಂತೆ ಟೈಮರ್ ಇಡಿ. ಬಂಡೆಯ ಮೇಲೆ ಹೆಬ್ಬೆರಳಗಲದ ಜಾಗವನ್ನು ಬ್ರಷ್‌ನಿಂದ ಉಜ್ಜಿ. ಹಸಿರು ಪಾಚಿಯಷ್ಟೇ ಅಲ್ಲ, ನೇರಳೆ ಬಣ್ಣದ ಕೋರಲೈನ್ (ಸುಣ್ಣಗಟ್ಟಿದ ಪಾಚಿ) ಪದರವನ್ನೂ ಕೆರೆದು ಬರಿಗಲ್ಲು ಕಾಣುವಂತೆ ಮಾಡಬೇಕು.

ಪ್ಲಗ್‌ನ ಅಡಿಯನ್ನು ಒರೆಸಿ ಕಡಲೆಕಾಳಿನಷ್ಟು ಜೆಲ್ ಹಾಕಿ. ನೀರಿಗೆ ಮುಳುಗಿದ ಕ್ಷಣವೇ ಜೆಲ್‌ನ ಮೇಲ್ಮೈ ತೆಳು ಪೊರೆ ಕಟ್ಟುತ್ತದೆ. ಹಾಗೆಯೇ ಒತ್ತಿದರೆ ಬಂಡೆಗೆ ತಾಗುವುದು ಪೊರೆ ಮಾತ್ರ. ಒತ್ತುತ್ತಲೇ ಎಡಕ್ಕೂ ಬಲಕ್ಕೂ ತಿರುಚಿ, ಪೊರೆ ಒಡೆದು ಒಳಗಿನ ಹಸಿ ಅಂಟು ಕಲ್ಲಿನ ಸಣ್ಣ ರಂಧ್ರಗಳಿಗೆ ಇಳಿಯುವಂತೆ ಮಾಡಬೇಕು. ಅರ್ಧ ನಿಮಿಷ ಹಿಡಿದಿರಿ.

ಮೇಲ್ಮೈ ಉಬ್ಬುತಗ್ಗಾಗಿದ್ದರೆ ಅಥವಾ ಫ್ರ್ಯಾಗ್ ಭಾರವಾಗಿದ್ದರೆ ಜೆಲ್ ಒಂದೇ ಸಾಲದು. ಜೆಲ್ ಚೆನ್ನಾಗಿ ಅಂಟುತ್ತದೆ, ಆದರೆ ಸಂದು ತುಂಬುವುದಿಲ್ಲ. ಪುಟ್ಟಿ ಸಂದು ತುಂಬುತ್ತದೆ, ಆದರೆ ನೀರಿನೊಳಗೆ ಅಷ್ಟಾಗಿ ಅಂಟುವುದಿಲ್ಲ. ಆದ್ದರಿಂದ ಎರಡನ್ನೂ ಸೇರಿಸಬೇಕು. ಪುಟ್ಟಿಯ ಎರಡು ಬಣ್ಣ ಒಂದಾಗುವವರೆಗೆ ಕಲಸಿ ಉಂಡೆ ಮಾಡಿ. ಪ್ಲಗ್‌ಗೆ ಜೆಲ್, ಅದರ ಮೇಲೆ ಪುಟ್ಟಿ, ಪುಟ್ಟಿಯ ಇನ್ನೊಂದು ಬದಿಗೆ ಮತ್ತೆ ಜೆಲ್. ಅದೇ ರೀತಿ ಒತ್ತಿ ತಿರುಚಿ, ಅಂಚಿನ ಪುಟ್ಟಿಯನ್ನು ಬೆರಳಿನಿಂದ ಬಂಡೆಗೆ ಮೆತ್ತಿ. ಪುಟ್ಟಿ ಹೆಚ್ಚಾದರೆ ಪ್ರೋಟೀನ್ ಸ್ಕಿಮ್ಮರ್ (ನೊರೆಯ ಮೂಲಕ ಕೊಳೆ ತೆಗೆಯುವ ಸಾಧನ) ನೊರೆ ಉಕ್ಕಿಸುತ್ತದೆ, ಕೆಲವು ಗಂಟೆ ಅದರ ಮೇಲೆ ಕಣ್ಣಿಡಿ. ಹದಿನೈದಿಪ್ಪತ್ತು ನಿಮಿಷದ ಬಳಿಕ ಪಂಪ್‌ಗಳನ್ನು ಕಡಿಮೆ ವೇಗದಲ್ಲಿ ಶುರುಮಾಡಿ. ಪುಟ್ಟಿ ಪೂರ್ತಿ ಗಟ್ಟಿಯಾಗಲು ಒಂದು ದಿನ ಬೇಕಾಗಬಹುದು.

ಮೃದು ಹವಳಗಳಿಗೆ ಈ ಕ್ರಮ ನಡೆಯದು. ಲೆದರ್, ಮಶ್ರೂಮ್‌ಗಳು ಲೋಳೆ ಸುರಿಸಿ ಅಂಟಿನಿಂದ ಜಾರಿಕೊಳ್ಳುತ್ತವೆ. ಮಶ್ರೂಮ್‌ಗಳನ್ನು ಕಲ್ಲುಚೂರು ಹಾಕಿದ ಬಟ್ಟಲಿನಲ್ಲಿಟ್ಟು ಮೇಲೆ ಬಲೆ ಕಟ್ಟಿ, ಹರಿವು ಕಡಿಮೆಯಿರುವ ಕಡೆ ಬಿಡಿ. ಒಂದೆರಡು ವಾರದಲ್ಲಿ ಅವೇ ಚೂರನ್ನು ಹಿಡಿಯುತ್ತವೆ, ಆ ಚೂರನ್ನು ಬಂಡೆಗೆ ಅಂಟಿಸಿದರಾಯಿತು. ಲೆದರ್ ತುಂಡಿನ ಬುಡಕ್ಕೆ ಪ್ಲಾಸ್ಟಿಕ್ ಹಲ್ಲುಕಡ್ಡಿ ಚುಚ್ಚಿ, ಕಡ್ಡಿಯ ಎರಡೂ ತುದಿಗಳನ್ನು ರಬ್ಬರ್ ಬ್ಯಾಂಡ್‌ನಿಂದ ಕಲ್ಲಿಗೆ ಬಿಗಿಯಿರಿ. ಬ್ಯಾಂಡ್ ನೇರವಾಗಿ ಹವಳವನ್ನು ಬಿಗಿದರೆ ಅದನ್ನೇ ಕತ್ತರಿಸುತ್ತದೆ. ಜೀನಿಯಾ, ಗ್ರೀನ್ ಸ್ಟಾರ್ ಪಾಲಿಪ್‌ಗಳಿಗೆ ಒಂಟಿ ಕಲ್ಲೇ ಸರಿ. ಮುಖ್ಯ ಬಂಡೆಗೆ ಹಬ್ಬಿದರೆ ತೆಗೆಯುವುದು ಬಹಳ ಕಷ್ಟ.

ನೀರಿನಲ್ಲಿ ಜೆಲ್ ಬಿಳಿಯಾಗಿ ಪೊರೆಬಿಡುವುದು ಸಹಜ, ತೇಲುವ ಚೂರುಗಳನ್ನು ಆಯ್ದು ತೆಗೆದರೆ ಸಾಕು. ಬಸವನಹುಳು, ಹರ್ಮಿಟ್ ಏಡಿ, ಕಡಲ ಅರ್ಚಿನ್‌ಗಳು ಫ್ರ್ಯಾಗ್ ತಳ್ಳಿ ಬೀಳಿಸುವುದೂ ಇದೆ. ಬಿದ್ದದ್ದು ಕಂಡ ಕೂಡಲೇ ಎತ್ತಿ, ಏಕೆಂದರೆ ಮರಳಿಗೆ ಒತ್ತಿದ ಭಾಗದ ಅಂಗಾಂಶ ಬೇಗ ಸಾಯುತ್ತದೆ. ಹಳೆಯ ಅಂಟನ್ನು ಕೆರೆದು ತೆಗೆದ ಮೇಲೆಯೇ ಮತ್ತೆ ಅಂಟಿಸಿ. ಲೋಳೆಗಟ್ಟಿದ ಹಳೆ ಅಂಟಿನ ಮೇಲೆ ಹೊಸದು ನಿಲ್ಲುವುದಿಲ್ಲ.