ಒಂಬತ್ತು ಕಡ್ಡಿಗಳಲ್ಲಿ ಬೆರಳಿನ ಹಿಡಿತ ಅಳೆಯುವುದು

ಪುಟ್ಟ ಮಕ್ಕಳಿಂದ ಹಿಡಿದು ಎಂಬತ್ತು ದಾಟಿದವರವರೆಗೆ, ಬೆರಳಿನ ಚುರುಕು ಅಳೆಯಲು ನಾನು ನೆಚ್ಚಿಕೊಂಡಿರುವುದು ನೈನ್ ಹೋಲ್ ಪೆಗ್ ಟೆಸ್ಟನ್ನು. ಪೆಟ್ಟಿಗೆಯಿಂದ ಒಂದೊಂದೇ ಕಡ್ಡಿ ಎತ್ತಿ ಒಂಬತ್ತು ತೂತುಗಳಿಗೆ ಇಳಿಸಬೇಕು, ಆಮೇಲೆ ಒಂದೊಂದೇ ತೆಗೆದು ವಾಪಸ್ ಹಾಕಬೇಕು. ಮೊದಲ ಕಡ್ಡಿಗೆ ಬೆರಳು ತಾಗಿದೊಡನೆ ಸ್ಟಾಪ್‌ವಾಚ್ ಶುರು, ಕೊನೆಯದು ಪೆಟ್ಟಿಗೆಗೆ ಬಿದ್ದಾಗ ಬಂದ್.

ಹಲಗೆಯನ್ನು ಬಡಗಿಯಿಂದಲೇ ಮಾಡಿಸಬಹುದು: 12.7 ಸೆಂ.ಮೀ. ಚೌಕ, ತೂತು 7.1 ಮಿ.ಮೀ. ಅಗಲ, 13 ಮಿ.ಮೀ. ಆಳ, ಕೇಂದ್ರದಿಂದ ಕೇಂದ್ರಕ್ಕೆ 32 ಮಿ.ಮೀ.; ಕಡ್ಡಿ 6.4 ಮಿ.ಮೀ. ದಪ್ಪ, 32 ಮಿ.ಮೀ. ಉದ್ದ. ಕಡ್ಡಿಗೂ ತೂತಿಗೂ ನಡುವೆ ಒಂದು ಮಿ.ಮೀ. ಕೂಡ ಸಡಿಲವಿಲ್ಲ, ಪರೀಕ್ಷೆಯ ಜೀವ ಅದರಲ್ಲೇ ಇದೆ. ಮಳೆಗಾಲದಲ್ಲಿ ಮರ ಉಬ್ಬಿದರೆ ಕಡ್ಡಿ ಸಿಕ್ಕಿಕೊಂಡು ಸೆಕೆಂಡುಗಳು ಏರುತ್ತವೆ, ಕೈಯದೇನೂ ತಪ್ಪಿರುವುದಿಲ್ಲ. ಬಳಸುವ ಮುಂಚೆ ಹಲಗೆಯನ್ನು ಬೋರಲು ಹಾಕಿ: ಒಂಬತ್ತೂ ತಾನಾಗಿ ಉದುರಬೇಕು. ಉದುರದ ಕಡ್ಡಿಗೆ ಮರಳುಕಾಗದ ಉಜ್ಜಿ. ಗುಂಡಗಿನ ಬಟ್ಟಲಿರುವ ಪ್ಲಾಸ್ಟಿಕ್ ಹಲಗೆಯಲ್ಲಿ ಕಡ್ಡಿ ಎತ್ತುವ ಬಗೆಯೇ ಬೇರೆ. ಅದರ ಸಮಯವನ್ನು ಮರದ ಪೆಟ್ಟಿಗೆಯ ಸಮಯದ ಪಕ್ಕ ಇಡಬಾರದು.

ಪೆಟ್ಟಿಗೆ ಪರೀಕ್ಷಿಸುವ ಕೈಯ ಕಡೆಗಿರಲಿ, ಇನ್ನೊಂದು ಕೈ ಹಲಗೆ ಹಿಡಿದಿರಲಿ. ರೂಢಿಯ ಕೈ ಮೊದಲು. ಒಮ್ಮೆ ಅಭ್ಯಾಸ ಮಾಡಿಸಿದ ಮೇಲೆಯೇ ಅಳತೆ. ಕಡ್ಡಿ ನೆಲಕ್ಕೆ ಬಿದ್ದರೆ ಮೊದಲಿಂದ.

ಇಪ್ಪತ್ತರ ಹರೆಯದವರು ಸಾಮಾನ್ಯವಾಗಿ 16–18 ಸೆಕೆಂಡಿನಲ್ಲಿ ಮುಗಿಸುತ್ತಾರೆ. 75 ದಾಟಿದವರಿಗೆ ಇಪ್ಪತ್ತು ಮೀರುವುದು ಸಹಜ. ಈ ಸಂಖ್ಯೆಗಳು 1985ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಳತೆಗೆ ಹತ್ತಿರದವು. ನಮ್ಮವರನ್ನು ಆ ಪಟ್ಟಿಗೆ ಹೋಲಿಸುವುದಕ್ಕಿಂತ ಅವರದೇ ಹಿಂದಿನ ಸಮಯಕ್ಕೆ, ಅವರದೇ ಇನ್ನೊಂದು ಕೈಗೆ ಹೋಲಿಸುವುದು ನನಗೆ ಹೆಚ್ಚು ಸರಿಯೆನಿಸುತ್ತದೆ.

ಪುಟ್ಟ ಮಕ್ಕಳು ಹಿಡಿಯಷ್ಟು ಕಡ್ಡಿ ಬಾಚಿಬಿಡುತ್ತಾರೆ, ಇಲ್ಲವೇ ಮಧ್ಯೆ ನಿಲ್ಲಿಸಿ ಗೋಪುರ ಕಟ್ಟುತ್ತಾರೆ. ಅಂಥ ಸಮಯ ಬರೆದುಕೊಳ್ಳಬೇಡಿ. ಹಿರಿಯರಲ್ಲಿ ಬೇರೆ ತೊಡಕು: ಒಣಗಿದ ಬೆರಳತುದಿಯಿಂದ ಕಡ್ಡಿ ಜಾರುತ್ತದೆ, ಹತ್ತಿರದ ಕನ್ನಡಕ ಮನೆಯಲ್ಲೇ ಉಳಿದಿರುತ್ತದೆ, ಬಳೆ ಹಲಗೆಗೆ ತಾಗುತ್ತದೆ. "ಅಜ್ಜಿ, ಬಳೆ ಸ್ವಲ್ಪ ಮೇಲೆ ಸರಿಸಿಕೊಳ್ತೀರಾ?" ಅಂದರೆ ಸಾಕು.

ಒಂಬತ್ತನೆಯ ಕಡ್ಡಿ ಇಳಿದಾಗ ಲ್ಯಾಪ್ ಗುಂಡಿ ಒತ್ತಿ, ಹಾಕುವ ಮತ್ತು ತೆಗೆಯುವ ಸಮಯಗಳನ್ನು ಬೇರೆಬೇರೆ ಬರೆಯಿರಿ. ಹಾಕುವುದು ಮಾತ್ರ ನಿಧಾನವಾದರೆ ಗುರಿ ಹಿಡಿಯುವುದರಲ್ಲಿ, ಕಣ್ಣಿನಲ್ಲಿ ಅಥವಾ ಸ್ಪರ್ಶದಲ್ಲಿ ಕಾರಣ ಹುಡುಕುತ್ತೇನೆ. ಎರಡೂ ನಿಧಾನವಾದರೆ ಭುಜ, ಮಣಿಕಟ್ಟುಗಳನ್ನೂ ನೋಡುತ್ತೇನೆ. ನಡುಕವಿದ್ದರೆ ಕಾಗದದ ಮೇಲೆ ಸುರುಳಿ ಬರೆಸುವುದೇ ಒಳ್ಳೆಯದು, ಮಣಿಕಟ್ಟು ಮೇಜಿಗೆ ಊರದಂತೆ. ಊರಿದರೆ ನಡುಕ ಅಡಗಿಬಿಡುತ್ತದೆ.