ಸೈಲೆನ್ಸರ್ ಉದುರದ ಹಾಗೆ, ಇಂಜಿನ್ ಕಾಯದ ಹಾಗೆ

ಹುಣಸೂರು ರಸ್ತೆ ಆಚೆ, ಕೊಯ್ಲಾದ ರಾಗಿ ಹೊಲ. ರಿಮೋಟಿನಲ್ಲಿ ಹಾರಿಸುವ ನನ್ನ ಟ್ರೇನರ್, ಅಂದರೆ ಕಲಿಯುವವರ ಮಾದರಿ ವಿಮಾನ, ಮೂರನೇ ಸುತ್ತು ಹೊಡೆಯುತ್ತಿತ್ತು. ಅದಕ್ಕೆ ಹಾಕಿದ್ದದ್ದು 46 ಸೈಜಿನ, ಅಂದರೆ 7.5 ಸಿಸಿ ಗ್ಲೋ ಇಂಜಿನ್ (ಪ್ಲಗ್ಗಿನ ಕಾದ ತಂತಿಯಿಂದಲೇ ಇಂಧನ ಹೊತ್ತಿಸುವ ಪುಟ್ಟ ಇಂಜಿನ್). ಇದ್ದಕ್ಕಿದ್ದ ಹಾಗೆ ಸದ್ದು ಜೋರಾಯಿತು. ನಾಲ್ಕೈದು ಸೆಕೆಂಡ್ ಕರ್ಕಶವಾಗಿ ಅರಚಿ ಇಂಜಿನ್ ನಿಂತೇ ಹೋಯಿತು. ಹೇಗೋ ತೇಲಿಸಿಕೊಂಡು ಇಳಿಸಿದೆ. ಹತ್ತಿರ ಹೋಗಿ ನೋಡಿದರೆ ಸೈಲೆನ್ಸರೇ ಇಲ್ಲ! ಟ್ಯಾಂಕಿಗೆ ಹೋಗುವ ಸಿಲಿಕೋನ್ ಟ್ಯೂಬ್ ಒಂದು ಸುಮ್ನೆ ನೇತಾಡುತ್ತಿತ್ತು.

ಮುಂದಿನ ಭಾನುವಾರ ಹೊಲದ ಯಜಮಾನರು ಅದನ್ನು ತಂದುಕೊಟ್ಟರು. ‘ನಿಮ್ ಇಮಾನದ ಕೊಳ್ವೆ ಇರ್ಬೇಕು ನೋಡಿ ಸ್ವಾಮಿ’ ಅಂದರು. ಕೈಗೆ ತಗೊಂಡು ನೋಡಿದರೆ ಬೋಲ್ಟಿನ ತೂತು ಮೊಟ್ಟೆಯಾಕಾರಕ್ಕೆ ಸವೆದಿತ್ತು. ಅಂದರೆ ಅದು ಅವತ್ತು ಸಡಿಲವಾದದ್ದಲ್ಲ. ಎಷ್ಟೋ ಹಾರಾಟದಿಂದ ಅಲ್ಲಾಡುತ್ತಲೇ ಇತ್ತು. ಸಂದಿಯಲ್ಲಿ ಕಪ್ಪು ಎಣ್ಣೆ ಒಸರುತ್ತಿದ್ದದ್ದನ್ನು ನಾನು ಪ್ರತಿ ವಾರ ಒರೆಸಿದ್ದೆ, ಯಾಕೆ ಅಂತ ಕೇಳಿಕೊಂಡಿರಲಿಲ್ಲ.

ಹೊಸಬರು ಸೈಲೆನ್ಸರ್ ಬಿಗಿ ಮಾಡುವುದು ಬೇರೆ, ಇಂಜಿನ್ ತಣ್ಣಗಿಡುವುದು ಬೇರೆ ಅಂದುಕೊಳ್ಳುತ್ತಾರೆ. ಎರಡೂ ಒಂದೇ ಕಾಯಿಲೆ. ಗ್ಲೋ ಇಂಜಿನ್ನಿನಲ್ಲಿ ಸೈಲೆನ್ಸರಿನ ಒತ್ತಡವೇ ಟ್ಯಾಂಕಿನಿಂದ ಇಂಧನ ನೂಕುತ್ತದೆ. ಅಲ್ಲಿ ಸೋರಿದರೆ ಇಂಧನ ಕಮ್ಮಿ ಬರುತ್ತದೆ, ಇಂಜಿನ್ ಕಾಯುತ್ತದೆ. ಹೀಗೆ ಕಾದು ಆರಿದಷ್ಟೂ ಬೋಲ್ಟ್ ಇನ್ನೂ ಸಡಿಲ.

ಮೊದಲು ಮುಖ ಸರಿ ಮಾಡಿ. ಸೈಲೆನ್ಸರ್ ಕೂರುವ ಚಪ್ಪಟೆ ಭಾಗವನ್ನು ಗಾಜಿನ ಮೇಲೆ 400ರ ಎಮರಿ ಶೀಟ್ ಇಟ್ಟು ನಿಧಾನಕ್ಕೆ ಉಜ್ಜಿ. ಪೂರ್ತಿ ಒಂದೇ ಹೊಳಪು ಬರಬೇಕು. ಆಮೇಲೆ ಥಿನ್ನರ್ ಹಾಕಿ ಎರಡೂ ಮುಖ ಒರೆಸಿ. ನಮ್ಮ ಇಂಧನದಲ್ಲಿ ಹರಳೆಣ್ಣೆ ಇರುತ್ತಲ್ಲ, ಅದರ ಜಿಡ್ಡು ಚೂರು ಉಳಿದರೂ ಏನೂ ಅಂಟುವುದಿಲ್ಲ. ಕಾಗದದ ಪ್ಯಾಕಿಂಗ್ ಬೇಡ. ಅದು ಸುಟ್ಟು ತೆಳ್ಳಗಾಗುತ್ತದೆ, ಅಷ್ಟರ ಮಟ್ಟಿಗೆ ಬೋಲ್ಟ್ ಸಡಿಲವಾಗುತ್ತದೆ. ಹೆಚ್ಚು ಶಾಖ ತಡೆಯುವ ಕೆಂಪು ಆರ್‌ಟಿವಿ ಸಿಲಿಕೋನ್ ಅನ್ನು ಬೆರಳಲ್ಲಿ ಸವರಿ, ದೋಸೆಗೆ ಎಣ್ಣೆ ಸವರಿದಷ್ಟು ತೆಳುವಾಗಿ. ಜಾಸ್ತಿಯಾದರೆ ಒಳಗೆ ಹಿಂಡಿಕೊಂಡು ಹೊಗೆ ಹೋಗುವ ದಾರಿಗೇ ಅಡ್ಡ ಬರುತ್ತದೆ. ಒಂದು ದಿನ ಒಣಗಲು ಬಿಡಿ.

ಈಗ ಬೋಲ್ಟ್. ನಮ್ಮಪ್ಪ ಜೀವನವಿಡೀ ಯೆಜ್ಡಿ ರಿಪೇರಿ ಮಾಡಿದವರು. ಮೈಸೂರಿನಲ್ಲೇ ತಯಾರಾಗುತ್ತಿದ್ದ ಗಾಡಿ ಅಲ್ವಾ. ಅದರ ಸೈಲೆನ್ಸರ್ ಪೈಪಿನ ರಿಂಗ್ ನಟ್ ಸಡಿಲವಾಗುವುದು ಊರಿಗೇ ಗೊತ್ತಿದ್ದ ತೊಂದರೆ. ‘ಬಿಸಿ ಇದ್ದಾಗಲೇ ಒಂದು ಸಲ ಬಿಗಿ ಮಾಡೋ’ ಅನ್ನುತ್ತಿದ್ದರು. ಆ ರಿಂಗ್ ನಟ್‌ಗೆ ಅದು ಸರಿ. ವಿಮಾನದ ಇಂಜಿನ್‌ಗೆ ಅಪ್ಪನ ಮಾತು ಕೇಳಿ ನಾನು ಕೆಟ್ಟೆ. ಇಲ್ಲಿ ಅಲ್ಯೂಮಿನಿಯಂ ಕಿವಿಯ ಮೂಲಕ ಉಕ್ಕಿನ ಬೋಲ್ಟ್ ಹೋಗುತ್ತದೆ. ಒಂದು ಮೀಟರ್ ಅಲ್ಯೂಮಿನಿಯಂ ನೂರು ಡಿಗ್ರಿ ಬಿಸಿಗೆ ಸುಮಾರು 2.3 ಮಿಲಿಮೀಟರ್ ಹಿಗ್ಗುತ್ತದೆ, ಉಕ್ಕು 1.2 ಅಷ್ಟೇ. ಅಂದರೆ ಬಿಸಿಯಲ್ಲಿ ತಾನಾಗೇ ಬಿಗಿ, ತಣ್ಣಗಾದಾಗ ಸಡಿಲ. ಆದ್ದರಿಂದ ಮೊದಲ ಟ್ಯಾಂಕ್ ಓಡಿಸಿ, ಕೈಯಲ್ಲಿ ಮುಟ್ಟುವಷ್ಟು ಆರಿದ ಮೇಲೆ ಬಿಗಿ ಮಾಡಿ. ಎರಡನೇ ಟ್ಯಾಂಕ್ ಆದ ಮೇಲೂ ಹಾಗೇ. ಅಲೆನ್ ಕೀಯ ಗಿಡ್ಡ ತೋಳಿನಿಂದ ಎರಡು ಬೆರಳ ಬಲ ಸಾಕು. ಪೈಪ್ ಸಿಕ್ಕಿಸಿ ತಿರುಗಿಸಿದರೆ ಥ್ರೆಡ್ ಕಿತ್ತು ಬರುತ್ತದೆ.

ಸ್ಪ್ರಿಂಗ್ ವಾಷರ್ ನಂಬಬೇಡಿ, ಶಾಖಕ್ಕೆ ಅದರ ಪುಟಿತ ಸಾಯುತ್ತದೆ. ಬೋಲ್ಟ್ ಕದಲದ ಹಾಗೆ ಹಾಕುವ ಅಂಟು, ಸಾಮಾನ್ಯ ನೀಲಿ ಥ್ರೆಡ್ ಲಾಕರ್, 150–180 ಡಿಗ್ರಿವರೆಗೆ ಮಾತ್ರ, ಇಲ್ಲಿ ಅದಕ್ಕೆ ಆಯಸ್ಸಿಲ್ಲ. ನನಗೆ ಕೊನೆಗೆ ಕೈಹಿಡಿದದ್ದು ತಂತಿ. 4 ಎಂಎಂ ಸ್ಟೇನ್‌ಲೆಸ್ ಅಲೆನ್ ಬೋಲ್ಟಿನ ತಲೆಗೆ ಪಕ್ಕದಿಂದ 1 ಎಂಎಂ ತೂತು. ವೈಸ್‌ನಲ್ಲಿ ಹಿಡಿದು, ಸೆಂಟರ್ ಪಂಚ್ ಹೊಡೆದು, ಎಣ್ಣೆ ಬಿಡುತ್ತಾ ನಿಧಾನಕ್ಕೆ ಕೊರೆಯಬೇಕು. ಬಿಟ್ ಷಡ್ಕೋನದ ಗುಂಡಿಯೊಳಗೆ ಇಳಿಯುವ ಕ್ಷಣದಲ್ಲಿ ಟಕ್ ಅಂತ ಸಿಕ್ಕಿಕೊಂಡು ಮುರಿಯುತ್ತದೆ. ಅಲ್ಲಿ ಒತ್ತಡ ಪೂರ್ತಿ ಬಿಡಿ. ನಾನು ನಾಲ್ಕು ಬಿಟ್ ಮುರಿದ ಮೇಲೆ ಕಲಿತೆ. ಕಪ್ಪು ಬೋಲ್ಟ್ ತುಂಬ ಗಟ್ಟಿ, ಅದರ ಸಹವಾಸ ಬೇಡ. ಎರಡು ಬೋಲ್ಟಿಗೂ ಸ್ಟೇನ್‌ಲೆಸ್ ತಂತಿ ಹಾಕಿ ಜಡೆ ಹೆಣೆದ ಹಾಗೆ ಹೊಸೆಯಿರಿ. ಒಂದು ಸಡಿಲವಾಗಲು ಹೊರಟರೆ ತಂತಿ ಇನ್ನೊಂದನ್ನು ಬಿಗಿಯುವ ಕಡೆಗೇ ಎಳೆಯಬೇಕು. ಅದೊಂದು ನೋಡಿಕೊಳ್ಳಿ.

ಪೆಟ್ರೋಲ್ ಇಂಜಿನ್ನಿಗೆ ಉದ್ದನೆ ಕ್ಯಾನಿಸ್ಟರ್ (ಡಬ್ಬಿಯಂಥ ಸೈಲೆನ್ಸರ್) ಹಾಕುವವರಿಗೆ ಒಂದು ಮಾತು. ಎರಡೂ ತುದಿ ಬಿಗಿಯಾಗಿ ಕಟ್ಟಬೇಡಿ. ಇಂಜಿನ್ ಅಲ್ಲಾಡುತ್ತದೆ, ವಿಮಾನದ ಮೈ ಅಲ್ಲಾಡುವುದಿಲ್ಲ, ನಡುವಿನ ಪೈಪ್ ಸೀಳುತ್ತದೆ. ಹಿಂದಿನ ತುದಿ ಸಿಲಿಕೋನ್ ರಬ್ಬರಿನ ಮೇಲೆ ತೇಲುತ್ತಿರಲಿ. ಜೋಡಿಸುವ ಟೆಫ್ಲಾನ್ ಕೊಳವೆಗೆ 260 ಡಿಗ್ರಿ ದಾಟಬಾರದು, ಆದ್ದರಿಂದ ಅದಕ್ಕೆ ಗಾಳಿ ಬಡಿಯುವ ಹಾಗಿರಬೇಕು.

ಇನ್ನು ಇಂಜಿನ್ ತಣ್ಣಗಿಡುವ ಗಾಳಿ. ಇದರಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಇಂಜಿನ್ ಕಾಯ್ತಾ ಇದೆ ಅಂತ ಕೌಲಿನ, ಅಂದರೆ ಇಂಜಿನ್ ಮುಚ್ಚುವ ಮೂತಿಯ ಹೊದಿಕೆಯ, ಮುಂದೆ ತೂತು ದೊಡ್ಡದು ಮಾಡುತ್ತಾರೆ. ಬೇಕಾದದ್ದು ಹಿಂದಿನ ತೂತು. ಬಿಸಿಯಾದ ಗಾಳಿ ಹಿಗ್ಗುತ್ತದೆ, ಆಚೆ ಹೋಗಲು ಜಾಗ ಇಲ್ಲದಿದ್ದರೆ ಹೊಸ ಗಾಳಿ ಒಳಗೇ ಬರುವುದಿಲ್ಲ. ಮುಂದಿನದಕ್ಕಿಂತ ಹಿಂದಿನದು ಕನಿಷ್ಠ ಎರಡು ಪಟ್ಟು ಇರಲಿ. ನಾನು ಮೂರು ಪಟ್ಟು ಬಿಡುತ್ತೇನೆ. ಒಳಗೆ ಬಂದ ಗಾಳಿ ಇಂಜಿನ್ನಿನ ಪಕ್ಕದಿಂದ ಜಾರಿಹೋಗದ ಹಾಗೆ ತೆಳು ಪ್ಲೈಯಿಂದ ಅಡ್ಡಗೋಡೆ ಕಟ್ಟಿ, ಇಂಜಿನ್ ಮೈಮೇಲಿನ ಪಟ್ಟಿಗಳ, ಅಂದರೆ ಫಿನ್‌ಗಳ, ನಡುವೆಯೇ ನುಗ್ಗಿಸಿ. ಸೈಲೆನ್ಸರಿಗೂ ಬಾಲ್ಸಾ ಮರಕ್ಕೂ ನಡುವೆ ಕೂಲ್‌ಡ್ರಿಂಕ್ ಕ್ಯಾನ್ ಕತ್ತರಿಸಿದ ತಗಡು ಸಾಕು.

ಎಷ್ಟು ಕಾದಿದೆ ಅಂತ ಹೇಗೆ ತಿಳಿಯೋದು? ಕೋವಿಡ್ ಟೈಮಿನ ಜ್ವರದ ಗನ್ ಹಿಡಿದು ನೋಡಿದ್ದೆ, ‘ಹೈ’ ಅಂತ ತೋರಿಸಿ ಸುಮ್ಮನಾಯಿತು. ಅದು ಮನುಷ್ಯರ ಮೈಗೆ ಮಾತ್ರ. ಕಾರ್ಖಾನೆಯಲ್ಲಿ ಬಳಸುವ ಗನ್ ಬೇಕು. ಅದೂ ಹೊಳೆಯುವ ಅಲ್ಯೂಮಿನಿಯಂ ಮೇಲೆ ಕಮ್ಮಿ ತೋರಿಸುತ್ತದೆ, ಕಪ್ಪು ಪೇಂಟಿನ ಒಂದು ಚುಕ್ಕೆ ಇಟ್ಟು ಅದಕ್ಕೇ ಗುರಿ ಹಿಡಿಯಿರಿ. ಗನ್ ಇಲ್ಲದಿದ್ದರೆ ದೋಸೆ ಕಾವಲಿಯ ಪರೀಕ್ಷೆ ಇದೆ. ಇಳಿಸಿ, ಇಂಜಿನ್ ನಿಲ್ಲಿಸಿ, ಫ್ಯಾನ್ ಪೂರ್ತಿ ನಿಂತ ಮೇಲೆ ಹೆಡ್ಡಿಗೆ ಒಂದು ಹನಿ ನೀರು. ಚುಂಯ್ ಅಂತ ಕುದಿದು ಆರಿದರೆ ಗಾಬರಿ ಬೇಡ. ಹನಿ ಗೋಲಿಯ ಹಾಗೆ ಕುಣಿದು ಉರುಳಿಹೋದರೆ ಸುಮಾರು ಇನ್ನೂರು ಡಿಗ್ರಿ. ಇಂಜಿನ್ನಿಗೆ ಎಷ್ಟು ಇಂಧನ ಹೋಗಬೇಕು ಅಂತ ಹೊಂದಿಸುವ ಸೂಜಿಯನ್ನು ಎರಡು ಕ್ಲಿಕ್ ಬಿಚ್ಚಿ.

ಸೂಜಿ ಅಂದಾಗ ನೆನಪಾಯಿತು. ಮೈಸೂರು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಇಲ್ಲಿನ ತೆಳು ಗಾಳಿಗೆ ಹೊಂದಿಸಿದ ಸೂಜಿಯನ್ನು ಹಾಗೇ ಮಂಗಳೂರಿಗೆ ಒಯ್ದರೆ ಅಲ್ಲಿನ ದಟ್ಟ ಗಾಳಿಗೆ ಇಂಧನ ಸಾಲದೆ ಇಂಜಿನ್ ಕಾಯುತ್ತದೆ. ಮೊದಲು ಬಿಚ್ಚಿ ಶುರು ಮಾಡಿ, ಆಮೇಲೆ ಒಂದೊಂದೇ ಕ್ಲಿಕ್ ಮುಚ್ಚಿ.

ಈಗ ಇಂಧನ ತುಂಬುವ ಮೊದಲು ತಣ್ಣಗಿರುವ ಸೈಲೆನ್ಸರ್ ಹಿಡಿದು ಒಮ್ಮೆ ಜಗ್ಗುತ್ತೇನೆ, ಸಂದಿಯ ಮೇಲೆ ಬಿಳಿ ಬಟ್ಟೆ ಆಡಿಸುತ್ತೇನೆ. ಬಟ್ಟೆಗೆ ಕಪ್ಪು ಹತ್ತಿದರೆ ಅವತ್ತು ವಿಮಾನ ಕಾರಿನ ಡಿಕ್ಕಿಯಿಂದ ಇಳಿಯುವುದಿಲ್ಲ.