ಸಾಕುಹಕ್ಕಿ ಸೊರಗಿದರೆ ಮೊದಲು ಬೆಚ್ಚಗಿಡಿ

ಪಂಜರದ ತಳದಲ್ಲಿ ಲವ್ ಬರ್ಡ್ ಒಂದು ಗರಿ ಕೆದರಿಕೊಂಡು ಕುಳಿತರೆ ಸಾಕು, ಮನೆಮಂದಿಯೆಲ್ಲ ವೈದ್ಯರಾಗಿಬಿಡುತ್ತಾರೆ. ಒಬ್ಬರು ಕೊಕ್ಕು ಬಿಡಿಸಿ ನೀರು ಹೊಯ್ಯುತ್ತಾರೆ, ಇನ್ನೊಬ್ಬರು ಅಂಗೈಯಲ್ಲಿ ಹಿಡಿದು ಸವರುತ್ತಾರೆ, ಹಿರಿಯರೊಬ್ಬರು ಎರಡು ಹನಿ ಬ್ರಾಂದಿ ಸಾಕು ಎನ್ನುತ್ತಾರೆ. ಮೂರೂ ಬೇಡ. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುತ್ತದೆ. ಬಲವಂತದಿಂದ ಹಾಕಿದ್ದು ಶ್ವಾಸಕೋಶಕ್ಕೆ ಇಳಿಯುವ ಅಪಾಯವೇ ಹೆಚ್ಚು.

ಮೊದಲು ಹಿಡಿಯುವುದು. ಕೋಣೆಯ ದೀಪ ಆರಿಸಿ, ತೆಳುವಾದ ಹತ್ತಿ ಟವೆಲನ್ನು ಹಿಂದಿನಿಂದ ಹೊದಿಸಿ ಎತ್ತಿಕೊಳ್ಳಿ. ಹೆಬ್ಬೆರಳು, ತೋರುಬೆರಳು ತಲೆಯ ಎರಡು ಪಕ್ಕದಲ್ಲಿರಲಿ. ಎದೆಯನ್ನು ಮಾತ್ರ ಒತ್ತಬಾರದು. ಹಕ್ಕಿಗೆ ನಮ್ಮಂತೆ ಎದೆ-ಹೊಟ್ಟೆಯ ನಡುವೆ ಉಸಿರಾಟಕ್ಕೆ ನೆರವಾಗುವ ಸ್ನಾಯು, ಅಂದರೆ ವಪೆ, ಇಲ್ಲ; ಎದೆಮೂಳೆ ಆಡಿದರಷ್ಟೇ ಉಸಿರು.

ಮುಂದಿನದು ಬೆಚ್ಚನೆಯ ಪೆಟ್ಟಿಗೆ. ಹೆಚ್ಚಿನವರು ಎಡವುವುದು ಇಲ್ಲೇ. ಹಕ್ಕಿಯ ಮೈಶಾಖ ಸುಮಾರು 41 ಡಿಗ್ರಿ ಸೆಲ್ಸಿಯಸ್. ಜುಲೈ ತಿಂಗಳ ಮಡಿಕೇರಿಯ ಥಂಡಿಯಲ್ಲಿ ಅದನ್ನು ಕಾಯ್ದುಕೊಳ್ಳುವುದರಲ್ಲೇ ಸೊರಗಿದ ಹಕ್ಕಿಯ ಶಕ್ತಿ ಮುಗಿದುಹೋಗುತ್ತದೆ. ರಟ್ಟಿನ ಪೆಟ್ಟಿಗೆಗೆ ನಾಲ್ಕಾರು ತೂತು ಕೊರೆದು, ತಳಕ್ಕೆ ಬಿಳಿ ಕಾಗದ ಹಾಸಿ. ಬಲ್ಬ್ ನಂಬಬೇಡಿ; ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆಂದು ಯಾರೂ ಹೇಳಲಾರರು. ನನ್ನ ಆಯ್ಕೆ ಬಿಸಿನೀರಿನ ಬಾಟಲಿ. ಅದಕ್ಕೆ ಹಳೆಯ ಉಣ್ಣೆಯ ಕಾಲುಚೀಲ ತೊಡಿಸಿ, ಪೆಟ್ಟಿಗೆಯ ಒಂದು ಮೂಲೆಗೆ ಮಾತ್ರ ಒರಗಿಸಿಡಿ. ಇನ್ನೊಂದು ಮೂಲೆ ತಣ್ಣಗಿರಲಿ. ಸೆಕೆಯಾದರೆ ಹಕ್ಕಿಗೆ ಸರಿದು ಕೂರಲು ಜಾಗ ಬೇಕಲ್ಲವೇ? ಒಳಗೆ 30 ಡಿಗ್ರಿ ಆಸುಪಾಸು ಇದ್ದರೆ ಸಾಕು. ಥರ್ಮಾಮೀಟರ್ ಇಲ್ಲದಿದ್ದರೆ ಹಕ್ಕಿಯನ್ನೇ ನೋಡಿ. ಗರಿ ಉಬ್ಬಿಸಿ ಮುದ್ದೆಯಾಗಿದ್ದರೆ ಶಾಖ ಸಾಲದು. ಕೊಕ್ಕು ತೆರೆದು ಏದುತ್ತ ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದಿದ್ದರೆ ಬಾಟಲಿಯನ್ನು ಕೂಡಲೇ ತೆಗೆಯಿರಿ. ನೀರು ಆರಿದಂತೆ ಬದಲಿಸುತ್ತಿರಿ, ಆದರೆ ಐದು ನಿಮಿಷಕ್ಕೊಮ್ಮೆ ಇಣುಕಬೇಡಿ. ಒಲೆಯ ಪಕ್ಕ ಇಡುವುದಂತೂ ಬೇಡವೇ ಬೇಡ. ಹೊಗೆ ಹಕ್ಕಿಗೆ ವಿಷ. ಸೊಳ್ಳೆ ಬತ್ತಿಯೂ ಅಷ್ಟೇ. ನಾನ್‌ಸ್ಟಿಕ್ ಬಾಣಲೆ ಅತಿಯಾಗಿ ಕಾದರೆ ಬರುವ ಆವಿ ನಿಮಿಷಗಳಲ್ಲೇ ಹಕ್ಕಿಯನ್ನು ಕೊಲ್ಲಬಲ್ಲದು.

ಫ್ಯಾನಿಗೋ ಕಿಟಕಿ ಗಾಜಿಗೋ ಬಡಿದು ತಲೆಗೆ ಪೆಟ್ಟಾಗಿದ್ದರೆ ಈ ಶಾಖ ಕೊಡಬಾರದು; ಕತ್ತಲೆ, ಮೌನ ಸಾಕು.

ರಕ್ತ ಬರುತ್ತಿದ್ದರೆ ಪೆಟ್ಟಿಗೆಗಿಂತ ಮೊದಲು ಅದನ್ನು ನಿಲ್ಲಿಸಿ. 35 ಗ್ರಾಂ ತೂಗುವ ಪುಟ್ಟ ಬಡ್ಜಿ ಗಿಳಿಯ ಮೈಯಲ್ಲಿರುವುದು ಮೂರೂವರೆ ಮಿಲಿಲೀಟರಿನಷ್ಟು ರಕ್ತ, ಒಂದು ಟೀ ಚಮಚವೂ ತುಂಬದು. ಉಗುರು ತುಂಡಾಗಿದ್ದರೆ ಕಾರ್ನ್‌ಫ್ಲೋರ್ ಒತ್ತಿ ಹಿಡಿಯಿರಿ. ಚರ್ಮದ ಗಾಯಕ್ಕೆ ಶುದ್ಧ ಬಟ್ಟೆಯಿಂದ ಎರಡು ಮೂರು ನಿಮಿಷ ಹದವಾಗಿ ಅದುಮಿ. ನಡುನಡುವೆ ತೆಗೆದು ನೋಡಿದರೆ ಹೆಪ್ಪು ಕಿತ್ತುಬರುತ್ತದೆ. ಮುರಿದ ಎಳೆಗರಿಯಿಂದ ರಕ್ತ ಜಿನುಗಿದರೂ ನೀವೇ ಕೀಳಬೇಡಿ, ಒತ್ತಿ ಹಿಡಿದು ವೈದ್ಯರಿಗೆ ಬಿಡಿ. ನಮ್ಮಲ್ಲಿ ಗಾಯವಾದೊಡನೆ ಕಾಫಿಪುಡಿ ಮೆತ್ತುವವರಿದ್ದಾರೆ. ಹಕ್ಕಿ ಗಾಯವನ್ನು ಕೊಕ್ಕಿನಿಂದ ಕೆದಕುತ್ತದೆ, ಕೆಫೀನ್ ಹೊಟ್ಟೆ ಸೇರುತ್ತದೆ. ತೋಟದ ಬೆಣ್ಣೆಹಣ್ಣು, ಮನೆಯಲ್ಲಿ ಮಾಡಿದ ಚಾಕಲೇಟ್ ಕೂಡ ಅದಕ್ಕೆ ವಿಷವೇ. ತಿಂದಿದ್ದರೆ ವಾಂತಿ ಮಾಡಿಸಲು ಹೋಗದೆ ತಕ್ಷಣ ವೈದ್ಯರಿಗೆ ಫೋನ್ ಮಾಡಿ.

ಬೆಕ್ಕು ಬಾಯಿ ಹಾಕಿದ್ದರೆ ಗಾಯ ಕಾಣದಿದ್ದರೂ ಅದೇ ದಿನ ವೈದ್ಯರ ಬಳಿ ಹೋಗಲೇಬೇಕು. ಅದರ ಹಲ್ಲಿನ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದರೆ ಒಂದೆರಡು ದಿನದಲ್ಲಿ ಹಕ್ಕಿ ಸಾಯುತ್ತದೆ. ಆ್ಯಂಟಿಬಯಾಟಿಕ್ ಬೇಕು, ಅದೂ ವೈದ್ಯರು ತೂಕ ನೋಡಿ ಕೊಟ್ಟದ್ದು. ಅಂಗಡಿಯವರು ಚೀಟಿಯಲ್ಲಿ ಕಟ್ಟಿಕೊಡುವ ಹೆಸರಿಲ್ಲದ ಹಳದಿ ಪುಡಿಯನ್ನು ನೀರಿಗೆ ಬೆರೆಸಿಟ್ಟರೆ ಕಾಯಿಲೆಬಿದ್ದ ಹಕ್ಕಿ ಆ ನೀರನ್ನು ಮೂಸಿಯೂ ನೋಡುವುದಿಲ್ಲ. ಪ್ಯಾರಸಿಟಮಾಲ್ ಮುಟ್ಟಲೇಬೇಡಿ.

ಪಶು ಆಸ್ಪತ್ರೆಗೆ ಹೊರಡುವ ಮೊದಲು ಫೋನ್ ಮಾಡಿ, ಪಕ್ಷಿ ನೋಡುವ ವೈದ್ಯರಿದ್ದಾರೆಯೇ ಎಂದು ಕೇಳಿ. ಮಡಿಕೇರಿಯಿಂದ ಮೈಸೂರಿಗೇ ಹೋಗಬೇಕಾಗಿ ಬಂದರೆ ಸುಮಾರು 120 ಕಿಲೋಮೀಟರ್; ಫ್ಲಾಸ್ಕಿನಲ್ಲಿ ಬಿಸಿನೀರು ಜೊತೆಗಿರಲಿ. ಕಾರಿನ ಎಸಿ, ಹಾಡು ಎರಡೂ ಬಂದ್. ಪೆಟ್ಟಿಗೆಯ ತಳದ ಕಾಗದವನ್ನು ಎಸೆಯಬೇಡಿ, ಅದರ ಮೇಲಿನ ಹಿಕ್ಕೆಯ ಬಣ್ಣವನ್ನೇ ವೈದ್ಯರು ಮೊದಲು ಕೇಳುವುದು.